ಒಂದೇ ಸೋರ್ಸ್ ಕೋಡ್, ಎರಡು ವೇಗ: ರೈಜನ್ 5 3600 ಮೇಲೆ ಸ್ಟಾಕ್‌ಫಿಶ್

ಲಿನಕ್ಸ್ ಹಾಕಿದ ಒಂದು ಡೆಸ್ಕ್‌ಟಾಪ್. ಒಳಗಿರುವುದು ಎಎಮ್‌ಡಿ ರೈಜನ್ 5 3600: 2019ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ, 6 ಕೋರ್ ಮತ್ತು 12 ಥ್ರೆಡ್‌ಗಳ, ಝೆನ್ 2 ವಿನ್ಯಾಸದ ಪ್ರೊಸೆಸರ್. ಅದರಲ್ಲಿ ಚೆಸ್ ಆಡುವ ಪ್ರೋಗ್ರಾಂ ಆದ ಸ್ಟಾಕ್‌ಫಿಶ್ ಎಂಜಿನ್‌ನ ಎರಡು ಬಿಲ್ಡ್‌ಗಳಿವೆ, ಅಂದರೆ ಸೋರ್ಸ್ ಕೋಡ್ ಕಂಪೈಲ್ ಮಾಡಿ ಪಡೆದ, ಓಡಿಸಬಲ್ಲ ಎರಡು ಪ್ರತಿಗಳು. ಎರಡಕ್ಕೂ ಸೋರ್ಸ್ ಕೋಡ್ ಒಂದೇ, ನ್ಯೂರಲ್ ನೆಟ್‌ವರ್ಕ್ ಫೈಲ್ ಒಂದೇ, ಆ ಕೋಡನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಜಿಸಿಸಿ ಕಂಪೈಲರ್‌ನ ಆವೃತ್ತಿಯೂ ಒಂದೇ. ವ್ಯತ್ಯಾಸ ಇರುವುದು ಬಿಲ್ಡ್ ಕಟ್ಟುವ ಮೇಕ್ ಆಜ್ಞೆಗೆ ಕೊಟ್ಟ ಆರ್ಕಿಟೆಕ್ಚರ್ ಹೆಸರಿನಲ್ಲಿ ಮಾತ್ರ. ಒಂದಕ್ಕೆ ಎಕ್ಸ್86-64-ಬಿಎಮ್‌ಐ2, ಇನ್ನೊಂದಕ್ಕೆ ಎಕ್ಸ್86-64-ಎವಿಎಕ್ಸ್2. ಬಿಎಮ್‌ಐ2, ಎವಿಎಕ್ಸ್2 ಎಂಬುವು ಪ್ರೊಸೆಸರ್‌ನ ಸೂಚನಾ ಗುಂಪುಗಳ ಹೆಸರುಗಳು: ಮೊದಲನೆಯದು ಬಿಟ್‌ಗಳ ಕೆಲಸಕ್ಕೆ, ಎರಡನೆಯದು ಹಲವು ಸಂಖ್ಯೆಗಳನ್ನು ಒಮ್ಮೆಗೇ ಸಂಸ್ಕರಿಸುವುದಕ್ಕೆ.

ಸ್ಟಾಕ್‌ಫಿಶ್‌ನ ಪಟ್ಟಿಯಲ್ಲಿ ಬಿಎಮ್‌ಐ2 ಎನ್ನುವುದು ಎವಿಎಕ್ಸ್2ಗಿಂತ ಒಂದು ಮೆಟ್ಟಿಲು ಮೇಲಿದೆ. ಈ ಪ್ರೊಸೆಸರ್‌ಗೆ ಬಿಎಮ್‌ಐ2 ಸೂಚನೆಗಳೂ ಗೊತ್ತಿವೆ. ಹಾಗಾಗಿ ಪಟ್ಟಿ ನೋಡಿದ ಯಾರೇ ಆದರೂ ಬಿಎಮ್‌ಐ2 ಬಿಲ್ಡನ್ನೇ ಆರಿಸುತ್ತಾರೆ. ಅದು ತಕರಾರಿಲ್ಲದೆ ಓಡುತ್ತದೆ, ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ, ನಡೆಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದರೆ ಸೆಕೆಂಡಿಗೆ ನೋಡುವ ನೋಡ್‌ಗಳ (ಹುಡುಕಾಟದಲ್ಲಿ ತಲುಪುವ ಹಲಗೆಯ ಸ್ಥಿತಿಗಳ) ಸಂಖ್ಯೆಯಲ್ಲಿ ಎವಿಎಕ್ಸ್2 ಬಿಲ್ಡ್‌ಗಿಂತ ಹಿಂದೆ ಬೀಳುತ್ತದೆ. ಹೊಸ ಸೂಚನೆ ಬಳಸಿದ ಬಿಲ್ಡ್ ನಿಧಾನವಾಗುವುದು ಏಕೆ, ಆ ನಿಧಾನ ಆಟದ ಬಲದಲ್ಲಿ ಎಷ್ಟು ನಷ್ಟ, ಇದನ್ನು ನಂಬುವಂತೆ ಅಳೆಯುವುದು ಹೇಗೆ ಎಂಬುದು ಈ ಪ್ರಕರಣದ ವಿಷಯ.

ಕಂಪೈಲರ್ ಏನನ್ನು ಬದಲಿಸಬಹುದು, ಏನನ್ನು ಬದಲಿಸಕೂಡದು

ಚೆಸ್ ಎಂಜಿನ್‌ನ ಬಲ ಎರಡು ಕಡೆಯಿಂದ ಬರುತ್ತದೆ. ಯಾವ ನಡೆಯನ್ನು ಆಳವಾಗಿ ನೋಡಬೇಕು, ಯಾವುದನ್ನು ಬಿಡಬೇಕು, ಒಂದು ಸ್ಥಿತಿಗೆ ಎಷ್ಟು ಬೆಲೆ ಕಟ್ಟಬೇಕು ಎಂಬ ತಿಳಿವು ಸೋರ್ಸ್ ಕೋಡ್‌ನಲ್ಲಿ ಮತ್ತು ನೆಟ್‌ವರ್ಕ್‌ನಲ್ಲಿದೆ. ಸಿಕ್ಕ ಸಮಯದಲ್ಲಿ ಆ ತಿಳಿವನ್ನು ಎಷ್ಟು ಸ್ಥಿತಿಗಳ ಮೇಲೆ ಪ್ರಯೋಗಿಸಲು ಆಯಿತು ಎಂಬುದು ವೇಗದ ಪ್ರಶ್ನೆ. ಕಂಪೈಲರ್‌ನ ಕೈ ಇರುವುದು ಈ ಎರಡನೆಯದರಲ್ಲಿ ಮಾತ್ರ. ಮೊದಲನೆಯದರಲ್ಲಿ ಅದು ಕೈಯಾಡಿಸಿದರೆ ಎಲ್ಲೋ ದೋಷವಿದೆ ಎಂದೇ ಅರ್ಥ.

ಇದನ್ನು ಪರೀಕ್ಷಿಸಲು ಸ್ಟಾಕ್‌ಫಿಶ್‌ನಲ್ಲಿ ಬೆಂಚ್ ಎಂಬ ಆಜ್ಞೆಯಿದೆ. ಏನೂ ಸೇರಿಸದೆ ಓಡಿಸಿದರೆ ಅದು 16 ಎಂಬಿ ಹ್ಯಾಶ್ (ಈಗಾಗಲೇ ನೋಡಿದ ಸ್ಥಿತಿಗಳ ಫಲಿತಾಂಶ ಇಡುವ ಮೆಮೊರಿ), 1 ಥ್ರೆಡ್, 13ರ ಆಳ ಇಟ್ಟುಕೊಂಡು ಸುಮಾರು 50 ಸ್ಥಿತಿಗಳನ್ನು ಹುಡುಕುತ್ತದೆ. ಕೊನೆಯಲ್ಲಿ ಮೂರು ಸಾಲು ಮುದ್ರಿಸುತ್ತದೆ: ಒಟ್ಟು ಸಮಯ ಮಿಲಿಸೆಕೆಂಡ್‌ಗಳಲ್ಲಿ, ನೋಡಿದ ನೋಡ್‌ಗಳು, ಸೆಕೆಂಡಿಗೆ ಎಷ್ಟು ನೋಡ್. ಇವುಗಳಲ್ಲಿ ಮಧ್ಯದ ಸಾಲು ಆ ಸೋರ್ಸ್ ಕೋಡ್‌ನ ಸಹಿ ಇದ್ದಂತೆ. ಒಂದೇ ಥ್ರೆಡ್‌ನಲ್ಲಿ ಹುಡುಕಾಟ ಪೂರ್ತಿ ನಿರ್ಧಾರಿತವಾದ್ದರಿಂದ ಜಿಸಿಸಿ, ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್, ವಿಂಡೋಸ್, ಮ್ಯಾಕ್, ಎಆರ್‌ಎಮ್ ಪ್ರೊಸೆಸರ್ ಎಲ್ಲಿ ಕಂಪೈಲ್ ಮಾಡಿದರೂ ಈ ಸಂಖ್ಯೆ ಅಂಕಿಗೆ ಅಂಕಿ ಹೊಂದಬೇಕು. ಸ್ಟಾಕ್‌ಫಿಶ್‌ಗೆ ಸೇರುವ ಪ್ರತಿ ಬದಲಾವಣೆಯ ವಿವರಣೆಯಲ್ಲಿ ಈ ಸಂಖ್ಯೆಯನ್ನೋ, ಹುಡುಕಾಟ ಬದಲಾಗಿಲ್ಲ ಎಂಬ ಮಾತನ್ನೋ ಬರೆಯುವುದು ಇದೇ ಕಾರಣಕ್ಕೆ.

ನಮ್ಮ ಎರಡು ಬಿಲ್ಡ್‌ಗಳ ಸಹಿ ಒಂದೇ. ಅಂದರೆ ಎರಡೂ ನಡೆ-ಮರುನಡೆಗಳ ಒಂದೇ ಮರವನ್ನು, ಒಂದೇ ಕ್ರಮದಲ್ಲಿ, ಒಂದೇ ಕೊಂಬೆಗಳನ್ನು ಕತ್ತರಿಸುತ್ತ ನೋಡುತ್ತಿವೆ. ಹಾಗಾಗಿ ಆಟದ ಬಲದಲ್ಲಿ ವ್ಯತ್ಯಾಸ ಬಂದರೆ ಅದು ವೇಗದಿಂದ ಮಾತ್ರ ಬರಬೇಕು. ಪ್ರಕರಣದ ಅರ್ಧ ಗೊಂದಲ ಇಲ್ಲಿಯೇ ಬಗೆಹರಿಯುತ್ತದೆ.

ಪೆಕ್ಸ್ಟ್ ಎಂಬ ಒಂದು ಸೂಚನೆ

ಎರಡು ಬಿಲ್ಡ್‌ಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಆನೆ, ಒಂಟೆ, ರಾಣಿಗಳ ದಾಳಿಯನ್ನು ಲೆಕ್ಕ ಹಾಕುವ ರೀತಿಯಲ್ಲಿದೆ. 64 ಮನೆಗಳಿಗೆ 64 ಬಿಟ್‌ಗಳು. ಡಿ4ರಲ್ಲಿರುವ ಆನೆ ಎಲ್ಲಿಯವರೆಗೆ ಸಾಗಬಹುದು ಎಂಬುದು ಅದರ ದಾರಿಯಲ್ಲಿ ಯಾವ ಮನೆಗಳು ತುಂಬಿವೆ ಎಂಬುದರ ಮೇಲೆ ನಿಂತಿದೆ. ಅಂಚಿನ ಮನೆಗಳನ್ನು ಬಿಟ್ಟರೆ ಡಿ4ರ ಆನೆಗೆ ಲೆಕ್ಕಕ್ಕೆ ಬರುವ ಮನೆಗಳು 10, ಎ1ರಂಥ ಮೂಲೆಯಲ್ಲಿ 12. ಒಂಟೆಗೆ 5ರಿಂದ 9. ತುಂಬಿದ ಮನೆಗಳ ಪ್ರತಿಯೊಂದು ಜೋಡಣೆಗೂ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡ ಕೋಷ್ಟಕ ಇರುತ್ತದೆ: ಆನೆಗೆ 1,02,400 ನಮೂದುಗಳು, ಒಂಟೆಗೆ 5,248. ನಮೂದಿಗೆ 8 ಬೈಟ್, ಹಾಗಾಗಿ ಆನೆಯ ಕೋಷ್ಟಕವೊಂದೇ 800 ಕೆಬಿ.

ಹಲಗೆಯ ಮೇಲೆ ಚದುರಿಕೊಂಡಿರುವ ಆ 10 ಬಿಟ್‌ಗಳನ್ನು ಕೋಷ್ಟಕದ ಸಾಲುಸಂಖ್ಯೆಯಾಗಿ ಮಾಡಲು ಎರಡು ದಾರಿಗಳಿವೆ. ಹಳೆಯದು ಮ್ಯಾಜಿಕ್ ಗುಣಾಕಾರ: ಬೇಡದ ಬಿಟ್‌ಗಳನ್ನು ಅಳಿಸಿ, ಮೊದಲೇ ಹುಡುಕಿಟ್ಟ ಒಂದು 64 ಬಿಟ್ ಸಂಖ್ಯೆಯಿಂದ ಗುಣಿಸಿ, ಬಲಕ್ಕೆ ಸರಿಸುವುದು. ಗುಣಾಕಾರಕ್ಕೆ 3 ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ), ಉಳಿದೆರಡಕ್ಕೆ ಒಂದೊಂದು. ಹೊಸ ದಾರಿ ಬಿಎಮ್‌ಐ2 ಗುಂಪಿನ ಪೆಕ್ಸ್ಟ್ ಸೂಚನೆ. ಮಾಸ್ಕ್ (ಯಾವ ಬಿಟ್‌ಗಳು ಬೇಕೆಂದು ಗುರುತಿಸುವ ಸಂಖ್ಯೆ) ಹೇಳಿದ ಬಿಟ್‌ಗಳನ್ನು ಆರಿಸಿ ಕೆಳತುದಿಗೆ ಒತ್ತಾಗಿ ಜೋಡಿಸುವ ಕೆಲಸವನ್ನು ಅದು ಒಂದೇ ಏಟಿಗೆ ಮುಗಿಸುತ್ತದೆ. ಇಂಟೆಲ್ 2013ರ ಹ್ಯಾಸ್‌ವೆಲ್‌ನಿಂದ ಇದನ್ನು 3 ಸೈಕಲ್‌ನಲ್ಲಿ ಮಾಡುತ್ತಿದೆ, ಹಾಗಾಗಿ ಅಲ್ಲಿ ಪೆಕ್ಸ್ಟ್ ನಿಜಕ್ಕೂ ಲಾಭ.

ಝೆನ್, ಝೆನ್+ ಮತ್ತು ಝೆನ್ 2ರಲ್ಲಿ ಎಎಮ್‌ಡಿ ಈ ಸೂಚನೆಗೆಂದು ಪ್ರತ್ಯೇಕ ಸರ್ಕ್ಯೂಟ್ ಇಡಲಿಲ್ಲ. ಅಲ್ಲಿ ಅದು ಮೈಕ್ರೋಕೋಡ್‌ನಲ್ಲಿ (ಪ್ರೊಸೆಸರ್ ಒಳಗಿನ ಚಿಕ್ಕ ಪ್ರೋಗ್ರಾಂ), ಮಾಸ್ಕ್‌ನ ಬಿಟ್‌ಗಳನ್ನು ಒಂದೊಂದಾಗಿ ಸಂಸ್ಕರಿಸುತ್ತ ಓಡುತ್ತದೆ. ಮಾಸ್ಕ್‌ನಲ್ಲಿ ಬಿಟ್ ಹೆಚ್ಚಿದಷ್ಟೂ ಸಮಯ ಹೆಚ್ಚು. ಆನೆಯ ಮಾಸ್ಕ್‌ಗೆ ಹತ್ತಾರು ಸೈಕಲ್ ಹೋಗುತ್ತದೆ. ಜೊತೆಗೆ ಮೈಕ್ರೋಕೋಡ್ ಓಡುವಾಗ ಮುಂದಿನ ಸೂಚನೆಗಳನ್ನು ಡಿಕೋಡ್ ಮಾಡುವ ಭಾಗವೂ ಕಾಯಬೇಕಾಗುತ್ತದೆ. ನಡೆಗಳನ್ನು ಹುಟ್ಟುಹಾಕುವಾಗ, ರಾಜನಿಗೆ ಚೆಕ್ ಇದೆಯೇ ಎಂದು ನೋಡುವಾಗ, ಕಾಯಿಗಳ ಕೊಡುಕೊಳ್ಳುವಿಕೆಯ ಲಾಭನಷ್ಟ ಎಣಿಸುವಾಗ ಪ್ರತಿ ನೋಡ್‌ನಲ್ಲೂ ಈ ಲೆಕ್ಕ ಹಲವು ಬಾರಿ ನಡೆಯುತ್ತದೆ. ಐದು ಸೈಕಲ್‌ನ ಕೆಲಸಕ್ಕೆ ಅದರ ಹಲವು ಪಟ್ಟು ತೆತ್ತು ಕೂತರೆ ಬಿಲ್ಡ್ ಹಿಂದೆ ಬೀಳದೆ ಇರುವುದಿಲ್ಲ. 2020ರ ಕೊನೆಯಲ್ಲಿ ಬಂದ ಝೆನ್ 3ರಲ್ಲಿ ಎಎಮ್‌ಡಿ ಇದನ್ನು ಸರಿಪಡಿಸಿ 3 ಸೈಕಲ್‌ಗೆ ತಂದಿದೆ.

ಈ ಕೊರತೆಯನ್ನು ಕಂಪೈಲರ್ ತಾನಾಗಿ ಸರಿಮಾಡುವುದಿಲ್ಲ. ಕೋಡ್‌ನಲ್ಲಿ ಪೆಕ್ಸ್ಟ್ ಅನ್ನು ಇಂಟ್ರಿನ್ಸಿಕ್ ರೂಪದಲ್ಲಿ, ಅಂದರೆ ಇದೇ ಸೂಚನೆ ಬೇಕೆಂದು, ಹೆಸರಿಟ್ಟು ಕರೆಯಲಾಗಿದೆ, ಹಾಗೆ ಕರೆದದ್ದನ್ನು ಜಿಸಿಸಿ ಹಾಗೆಯೇ ಇಳಿಸುತ್ತದೆ. ಝೆನ್ 2ಕ್ಕೆಂದೇ ಟ್ಯೂನ್ ಮಾಡಲು ಹೇಳಿದರೂ ಅದರ ಬದಲು ಗುಣಾಕಾರ ಹಾಕುವುದಿಲ್ಲ. ಬಿಎಮ್‌ಐ2ರ ಉಳಿದ ಸೂಚನೆಗಳು ಝೆನ್ 2ರಲ್ಲಿ ಚೆನ್ನಾಗಿಯೇ ಓಡುತ್ತವೆ. ತೊಂದರೆ ಪೆಕ್ಸ್ಟ್ ಮತ್ತು ಅದರ ಜೋಡಿ ಪಿಡೆಪ್ ಎರಡರದು ಮಾತ್ರ. ಆರಿಸುವ ಹೊಣೆ ಬಿಲ್ಡ್ ಮಾಡುವವರದು.

ಸ್ಟಾಕ್‌ಫಿಶ್‌ನ ಮೇಕ್‌ಫೈಲ್‌ಗೆ (ಬಿಲ್ಡ್ ಕಟ್ಟುವ ಹಂತಗಳನ್ನು ಬರೆದಿಟ್ಟ ಫೈಲ್) ಆರ್ಕಿಟೆಕ್ಚರ್ ಹೆಸರಾಗಿ ನೇಟಿವ್ ಎಂದು ಕೊಟ್ಟರೆ ಒಂದು ಚಿಕ್ಕ ಸ್ಕ್ರಿಪ್ಟ್ ಪ್ರೊಸೆಸರ್ ಮಾಹಿತಿ ಓದಿ, ಎಎಮ್‌ಡಿಯ 23ನೇ ಕುಟುಂಬ ಎಂದು ಕಂಡರೆ ಬಿಎಮ್‌ಐ2 ಬಿಟ್ಟು ಎವಿಎಕ್ಸ್2 ಆರಿಸುತ್ತದೆ. ಲಿನಕ್ಸ್‌ನಲ್ಲಿ ಪ್ರಾಕ್ ಅಡಿಯ ಸಿಪಿಯುಇನ್ಫೋ ಫೈಲ್ ತೆರೆದು ಸಿಪಿಯು ಫ್ಯಾಮಿಲಿ ಸಾಲನ್ನು ನಾವೂ ನೋಡಬಹುದು: 23 ಎಂದರೆ ಝೆನ್‌ನಿಂದ ಝೆನ್ 2ರವರೆಗೆ, 25 ಎಂದರೆ ಝೆನ್ 3 ಅಥವಾ ಝೆನ್ 4. ತೊಂದರೆಯಾಗುವುದು ಪಟ್ಟಿಯಲ್ಲಿ ಕೈಯಾರೆ ಮೇಲಿನದನ್ನು ಆರಿಸಿಕೊಂಡಾಗ, ಇಲ್ಲವೇ ಸಿದ್ಧ ಬಿಲ್ಡ್‌ಗಳಲ್ಲಿ ಹೆಸರು ನೋಡಿ ಇಳಿಸಿಕೊಂಡಾಗ.

ಗುರಿ ಸರಿಯಾದ ಮೇಲೆ

ಎವಿಎಕ್ಸ್2 ಗುರಿ ಈ ಯಂತ್ರಕ್ಕೆ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಜಪಾನಿನ ಶೋಗಿ ಆಟಕ್ಕೆಂದು ಯು ನಾಸು 2018ರಲ್ಲಿ ರೂಪಿಸಿದ, ಸ್ಥಿತಿಗೆ ಬೆಲೆ ಕಟ್ಟುವ ಎನ್‌ಎನ್‌ಯುಇ ನ್ಯೂರಲ್ ನೆಟ್‌ವರ್ಕ್ 2020ರಲ್ಲಿ ಸ್ಟಾಕ್‌ಫಿಶ್‌ಗೆ ಬಂತು. ಆ ವರ್ಷದ ಸೆಪ್ಟೆಂಬರ್‌ನ ಸ್ಟಾಕ್‌ಫಿಶ್ 12 ಅದನ್ನು ಹೊತ್ತ ಮೊದಲ ಬಿಡುಗಡೆ. ಅಲ್ಲಿಯವರೆಗೆ ಸ್ಥಿತಿಯ ಬೆಲೆ ಕಟ್ಟುವ ಕೋಡ್ ಸಾಮಾನ್ಯ ಸಿ++ ಆಗಿತ್ತು. ಅದನ್ನು ಹೇಗೆ ಇನ್‌ಲೈನ್ ಮಾಡಬೇಕು (ಫಂಕ್ಷನ್‌ನ ಕೋಡನ್ನು ಕರೆದ ಜಾಗದಲ್ಲೇ ಸೇರಿಸುವುದು), ಯಾವ ರಿಜಿಸ್ಟರ್‌ನಲ್ಲಿ ಏನಿಡಬೇಕು ಎಂಬ ಕಂಪೈಲರ್‌ನ ತೀರ್ಮಾನಗಳಿಗೆ ದೊಡ್ಡ ತೂಕವಿತ್ತು. ಈಗ ಸಮಯದ ದೊಡ್ಡ ಪಾಲು 8 ಮತ್ತು 16 ಬಿಟ್ ಪೂರ್ಣಾಂಕಗಳ ಸಾಲುಗಳನ್ನು ಗುಣಿಸಿ ಕೂಡುವುದರಲ್ಲಿ ಹೋಗುತ್ತದೆ. ಆ ಭಾಗವನ್ನು ಇಂಟ್ರಿನ್ಸಿಕ್‌ಗಳಲ್ಲಿ ಕೈಯಿಂದಲೇ ಬರೆದಿದ್ದಾರೆ. ಎವಿಎಕ್ಸ್2 ಇದ್ದರೆ ಒಂದು ಸೂಚನೆಗೆ 32 ಬೈಟ್‌ಗಳು, ಅದಕ್ಕಿಂತ ಹಳೆಯ ಎಸ್‌ಎಸ್‌ಇ ಸೂಚನೆಗಳ ಮಟ್ಟದಲ್ಲಿ 16. ಬರಿಯ ಎಕ್ಸ್86-64 ಗುರಿಯಲ್ಲಿ 8 ಬಿಟ್ ಸಂಖ್ಯೆಗಳನ್ನು ಜೋಡಿಯಾಗಿ ಗುಣಿಸಿ ಕೂಡುವ ಸೂಚನೆಯೇ ಇಲ್ಲ, ಅದು ಬಂದದ್ದು ಎಸ್‌ಎಸ್‌ಎಸ್‌ಇ3ರಲ್ಲಿ. ವಿಎನ್‌ಎನ್‌ಐ ಎಂಬ ಇನ್ನೂ ಹೊಸ ಸೂಚನಾ ಗುಂಪು ಇರುವ ಪ್ರೊಸೆಸರ್‌ಗಳಲ್ಲಿ ಮೂರು ಸೂಚನೆಗಳ ಕೆಲಸ ಒಂದರಲ್ಲಿ ಮುಗಿಯುತ್ತದೆ, ಆದರೆ 3600ರಲ್ಲಿ ಅದಿಲ್ಲ. ಈ ಗುರಿಗಳ ನಡುವಿನ ಅಂತರದ ಮುಂದೆ ಎರಡು ಕಂಪೈಲರ್‌ಗಳ ನಡುವಿನ ಅಂತರ ಚಿಕ್ಕದು.

ಇಲ್ಲಿ ಅನುಭವಿ ಪ್ರೋಗ್ರಾಮರ್‌ಗಳೂ ಎಡವುವ ಒಂದು ಜಾಗವಿದೆ. ಮೇಕ್‌ಫೈಲ್ ಬದಿಗಿಟ್ಟು, ಎಲ್ಲ ಸಿಪಿಪಿ ಫೈಲ್‌ಗಳನ್ನು ನೇರವಾಗಿ ಜಿಸಿಸಿಯ ಸಿ++ ಕಂಪೈಲರ್ ಆದ ಜಿ++ಗೆ ಕೊಟ್ಟು, ಓ3 ಮತ್ತು ಮಾರ್ಚ್-ನೇಟಿವ್ ಎಂಬ ವೇಗದ ಫ್ಲ್ಯಾಗ್‌ಗಳನ್ನು ಸೇರಿಸಿದರೆ ಎಲ್ಲ ಸಿಕ್ಕಿತೆಂದು ಅನಿಸುತ್ತದೆ. ಸಿಗುವುದಿಲ್ಲ. ಕೈಯಿಂದ ಬರೆದ ಎವಿಎಕ್ಸ್2 ಭಾಗ ತೆರೆದುಕೊಳ್ಳುವುದು ಯೂಸ್-ಎವಿಎಕ್ಸ್2 ಎಂಬ ಮ್ಯಾಕ್ರೋ (ಕಂಪೈಲ್ ಮಾಡುವಾಗ ಕೊಡುವ ಗುರುತು) ಇದ್ದರೆ ಮಾತ್ರ, ಪೆಕ್ಸ್ಟ್, ಪಾಪ್‌ಕೌಂಟ್‌ಗಳಿಗೂ ಹಾಗೆಯೇ ಪ್ರತ್ಯೇಕ ಮ್ಯಾಕ್ರೋಗಳು. ಅವನ್ನು ಹಾಕುವುದು ಮೇಕ್‌ಫೈಲ್. ಅವಿಲ್ಲದಿದ್ದರೆ ಕೋಡ್ ಸಾಮಾನ್ಯ ಲೂಪ್‌ಗಳ ದಾರಿ ಹಿಡಿಯುತ್ತದೆ, ಕಂಪೈಲರ್ ತನಗೆ ತೋಚಿದಷ್ಟನ್ನು ವೆಕ್ಟರ್ ಮಾಡುತ್ತದೆ. ಎನ್‌ಡಿಬಗ್ ಮ್ಯಾಕ್ರೋ ಬಿಟ್ಟುಹೋದರೆ ಎಲ್ಲ ಅಸರ್ಟ್‌ಗಳೂ (ಕೋಡ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಸಾಲುಗಳು) ಪ್ರತಿ ನೋಡ್‌ನಲ್ಲಿ ಓಡುತ್ತವೆ. ಸಹಿ ಆಗಲೂ ಸರಿಯಾಗಿಯೇ ಬರುತ್ತದೆ, ಆದ್ದರಿಂದ ಸಹಿ ನೋಡಿ ತೃಪ್ತಿಪಟ್ಟರೆ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ ತೆರೆದು ಕಂಪೈಲರ್ ಎಂಬ ಆಜ್ಞೆ ಕೊಡಿ. ಯಾವ ಕಂಪೈಲರ್, ಯಾವ ಆರ್ಕಿಟೆಕ್ಚರ್, ಯಾವ ಸೂಚನಾ ಗುಂಪುಗಳು ಒಳಗಿವೆ ಎಂಬುದನ್ನು ಅದು ಮುದ್ರಿಸುತ್ತದೆ. ಎವಿಎಕ್ಸ್2 ಆ ಸಾಲಿನಲ್ಲಿ ಇರಲೇಬೇಕು.

ಇನ್ನೊಂದು ಎಡವಟ್ಟು: ಬಿಎಮ್‌ಐ2 ಬಿಲ್ಡ್ ಮಾಡಿದ ಅದೇ ಫೋಲ್ಡರ್‌ನಲ್ಲಿ ಕ್ಲೀನ್ ಮಾಡದೆ ಎವಿಎಕ್ಸ್2 ಎಂದು ಬದಲಿಸಿ ಸಾದಾ ಬಿಲ್ಡ್ ಕೊಡುವುದು. ಫ್ಲ್ಯಾಗ್ ಬದಲಾಯಿತೆಂದು ಮೇಕ್ ಹಳೆಯ ಆಬ್ಜೆಕ್ಟ್ ಫೈಲ್‌ಗಳನ್ನು (ಸೋರ್ಸ್ ಫೈಲ್‌ಗಳ ಕಂಪೈಲ್ ಆದ ರೂಪ) ಮತ್ತೆ ಕಟ್ಟುವುದಿಲ್ಲ. ಸೋರ್ಸ್ ಬದಲಾಗದಿದ್ದರೆ ಅವು ಹಾಗೆಯೇ ಉಳಿದು, ಹೊಸ ಹೆಸರಿನ ಹಳೆಯ ಬಿಲ್ಡ್ ಕೈಗೆ ಬರುತ್ತದೆ. ಎರಡರ ವೇಗ ಒಂದೇ ಎಂಬ ತಪ್ಪು ತೀರ್ಮಾನಕ್ಕೆ ಇದು ನೇರ ದಾರಿ. ಹೋಲಿಸುವ ಬಿಲ್ಡ್‌ಗಳಿಗೆ ಬೇರೆ ಬೇರೆ ಫೋಲ್ಡರ್ ಇಡುವುದು ಒಳ್ಳೆಯದು.

ಗುರಿಯ ನಂತರದ ದೊಡ್ಡ ಲಾಭ ಪ್ರೊಫೈಲ್-ಬಿಲ್ಡ್. ಮೇಕ್‌ಫೈಲ್ ಇದನ್ನು 4 ಹಂತಗಳಲ್ಲಿ ಮಾಡುತ್ತದೆ. ಮೊದಲು ಎಣಿಕೆಯ ಕೋಡ್ ತುಂಬಿದ ಒಂದು ನಿಧಾನ ಎಂಜಿನ್ ಕಟ್ಟುತ್ತದೆ. ಅದರ ಮೇಲೆ ಬೆಂಚ್ ಓಡಿಸಿ ಯಾವ ಕವಲು ಎಷ್ಟು ಬಾರಿ ತಿರುಗಿತು ಎಂದು ಬರೆದುಕೊಳ್ಳುತ್ತದೆ. ಆ ಎಣಿಕೆ ಇಟ್ಟುಕೊಂಡು ಮತ್ತೆ ಕಂಪೈಲ್ ಮಾಡುತ್ತದೆ. ಕೊನೆಗೆ ಎಣಿಕೆಯ ಫೈಲ್‌ಗಳನ್ನು ಅಳಿಸುತ್ತದೆ. ಚೆಸ್ ಹುಡುಕಾಟಕ್ಕೆ ಇದು ಹೇಳಿ ಮಾಡಿಸಿದ ಉಪಾಯ. ಹುಡುಕಾಟದ ಕೋಡ್ ತುಂಬ ಅಪರೂಪಕ್ಕೆ ತಿರುಗುವ ಕವಲುಗಳಿರುತ್ತವೆ: ಚೆಕ್ ಇದ್ದಾಗ, ನಿಲ್ಲಿಸು ಎಂಬ ಸಂಜ್ಞೆ ಬಂದಾಗ, ಎಂಡ್‌ಗೇಮ್ ಟೇಬಲ್‌ಬೇಸ್ ಇದ್ದಾಗ. ಯಾವುದು ಅಪರೂಪ ಎಂದು ಕಂಪೈಲರ್‌ಗೆ ಸೋರ್ಸ್ ನೋಡಿ ತಿಳಿಯದು. ಎಣಿಕೆ ಸಿಕ್ಕರೆ ಪದೇ ಪದೇ ಓಡುವ ಭಾಗಗಳನ್ನು ಒತ್ತಟ್ಟಿಗೆ ಇಡುತ್ತದೆ, ಅಪರೂಪದ್ದನ್ನು ದೂರ ಸರಿಸುತ್ತದೆ, ಯಾವ ಫಂಕ್ಷನ್ ಅನ್ನು ಇನ್‌ಲೈನ್ ಮಾಡಿದರೆ ಲಾಭ ಎಂದು ತಿಳಿದು ಮಾಡುತ್ತದೆ. ಜಿಸಿಸಿಯಲ್ಲಿ ಪ್ರೊಫೈಲ್ ಬಳಸು ಎಂದರೆ ಲೂಪ್ ಸುಲಿಯುವ ಮತ್ತು ಟ್ರೇಸರ್ ಎಂಬ ಎರಡು ಹಂತಗಳೂ ಜೊತೆಗೆ ಹೊತ್ತಿಕೊಳ್ಳುತ್ತವೆ. ಸ್ಟಾಕ್‌ಫಿಶ್‌ನ ಮೇಕ್‌ಫೈಲ್ ಆ ಎರಡನ್ನೂ ಬೇಕೆಂದೇ ನಿಲ್ಲಿಸಿಬಿಡುತ್ತದೆ. ಕೈಯಾರೆ ಫ್ಲ್ಯಾಗ್ ಬರೆಯುವವರು ಈ ಸಣ್ಣ ಸಂಗತಿಯನ್ನು ಬಿಟ್ಟುಬಿಡುತ್ತಾರೆ.

ಎಣಿಕೆಯ ಫೈಲ್ ಸಿಗಲಿಲ್ಲ ಎಂಬ ಎಚ್ಚರಿಕೆ ಮೂರನೇ ಹಂತದಲ್ಲಿ ಸಾಲುಸಾಲಾಗಿ ಬಂದರೆ ಎರಡನೇ ಹಂತದ ಬೆಂಚ್ ಓಡಿಲ್ಲ ಎಂದು ತಿಳಿಯಿರಿ. ಸಾಮಾನ್ಯ ಕಾರಣಗಳು ಎರಡು. ಒಂದು, ನೆಟ್‌ವರ್ಕ್ ಫೈಲ್ ಇಳಿದಿಲ್ಲ, ಹಾಗಾಗಿ ಎಂಜಿನ್ ಶುರುವಾದ ಕೂಡಲೇ ನಿಂತಿದೆ. ಇನ್ನೊಂದು, ಈ ಯಂತ್ರಕ್ಕೆ ಗೊತ್ತಿಲ್ಲದ ಸೂಚನೆಯಿರುವ ಗುರಿ, ಉದಾಹರಣೆಗೆ ಎವಿಎಕ್ಸ್512, ಆರಿಸಿದ್ದರಿಂದ ಎಂಜಿನ್ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಎಂದು ಬಿದ್ದಿದೆ. ಬೇರೆ ಯಂತ್ರಕ್ಕಾಗಿ ಬಿಲ್ಡ್ ಮಾಡುವಾಗ ಈ ಎರಡನೆಯದು ತಪ್ಪಿದ್ದಲ್ಲ: ಓಡಿಸಲಾಗದ ಎಂಜಿನ್‌ನ ಪ್ರೊಫೈಲ್ ತೆಗೆಯಲಾಗದು.

ಜಿಸಿಸಿಯೋ ಕ್ಲ್ಯಾಂಗೋ

ಎಲ್ಲರೂ ಮೊದಲು ಕೇಳುವ ಈ ಪ್ರಶ್ನೆಗೆ ನಮ್ಮ ಯಂತ್ರದಲ್ಲಿ ಮೂರನೇ ಸ್ಥಾನ. ಗುರಿ ಸರಿಯಾಗಿ, ಎರಡನ್ನೂ ಪ್ರೊಫೈಲ್ ಸಮೇತ ಕಟ್ಟಿದ ಮೇಲೆ ಉಳಿಯುವ ಅಂತರ ಸಾಮಾನ್ಯವಾಗಿ ಕೆಲವೇ ಶೇಕಡಾ. ಅದೂ ಕಂಪೈಲರ್ ಆವೃತ್ತಿಗೆ, ಸ್ಟಾಕ್‌ಫಿಶ್ ಆವೃತ್ತಿಗೆ ತಕ್ಕಂತೆ ಕೆಲವೊಮ್ಮೆ ದಿಕ್ಕನ್ನೇ ಬದಲಿಸುತ್ತದೆ. ಇಬ್ಬರಲ್ಲಿ ಒಬ್ಬರನ್ನು ಶಾಶ್ವತ ವಿಜೇತ ಎಂದು ಹೇಳುವುದು ಸಲ್ಲದು. ಅಂತರ ಇಷ್ಟು ಚಿಕ್ಕದಾಗಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಚೆಸ್ ಕೋಡ್ ಕಂಪೈಲರ್ ತಯಾರಕರ ಕಣ್ಣೆದುರಿಗೇ ಇದೆ: ಪ್ರೊಸೆಸರ್, ಕಂಪೈಲರ್‌ಗಳ ವೇಗ ಅಳೆಯುವ ಸ್ಪೆಕ್ ಸಿಪಿಯು 2000ರ ಪರೀಕ್ಷಾ ಗುಚ್ಛದಲ್ಲಿ ರಾಬರ್ಟ್ ಹಯಾಟ್ ಅವರ ಕ್ರಾಫ್ಟಿ, 2006ರದರಲ್ಲಿ ಸ್ಜೆಂಗ್, 2017ರದರಲ್ಲಿ ಡೀಪ್‌ಸ್ಜೆಂಗ್ ಚೆಸ್ ಎಂಜಿನ್‌ಗಳು ಸೇರಿವೆ.

ಒಂದು ಕಾಲಕ್ಕೆ ಬ್ರ್ಯಾಂಡ್ ಆಯ್ಕೆಗೆ ಇನ್ನಷ್ಟು ತೂಕವಿತ್ತು. ಇಂಟೆಲ್‌ನ ಹಳೆಯ ಸಿ++ ಕಂಪೈಲರ್ ಕೆಲವು ಸಂದರ್ಭಗಳಲ್ಲಿ ಒಂದೇ ಕೆಲಸಕ್ಕೆ ಹಲವು ದಾರಿಗಳನ್ನು ಕಟ್ಟಿ, ಓಡುವಾಗ ಪ್ರೊಸೆಸರ್‌ನ ತಯಾರಕರ ಹೆಸರು ನೋಡಿ, ಇಂಟೆಲ್ ಅಲ್ಲದಿದ್ದರೆ ನಿಧಾನದ ದಾರಿಗೆ ಕಳಿಸುತ್ತಿತ್ತು. 2009ರ ಇಂಟೆಲ್-ಎಎಮ್‌ಡಿ ಒಪ್ಪಂದದಲ್ಲೂ 2010ರ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆದೇಶದಲ್ಲೂ ಈ ವಿಷಯ ಬಂದಿದೆ. ಇಂದಿನ ಇಂಟೆಲ್ ಕಂಪೈಲರ್ ಕ್ಲ್ಯಾಂಗ್‌ಗೂ ತಳಹದಿಯಾದ ಎಲ್‌ಎಲ್‌ವಿಎಮ್ ಮೇಲೆ ನಿಂತಿದೆ, ಕ್ಲ್ಯಾಂಗ್‌ನ ಹತ್ತಿರದ ಬಂಧು.

ಕ್ಲ್ಯಾಂಗ್ ಬಳಸುವಾಗ ಒಂದು ಪ್ರಾಯೋಗಿಕ ತೊಡಕು: ಅದರ ಎಣಿಕೆ ಫೈಲ್‌ಗಳನ್ನು ಎಲ್‌ಎಲ್‌ವಿಎಮ್-ಪ್ರಾಫ್‌ಡೇಟಾ ಎಂಬ ಸಲಕರಣೆಯಿಂದ ಒಗ್ಗೂಡಿಸಬೇಕು. ಅದು ಹಲವು ಲಿನಕ್ಸ್‌ಗಳಲ್ಲಿ ಬೇರೆ ಪ್ಯಾಕೇಜ್‌ನಲ್ಲಿರುತ್ತದೆ, ಆವೃತ್ತಿ ಕ್ಲ್ಯಾಂಗ್‌ನದಕ್ಕೆ ಹೊಂದದಿದ್ದರೆ ಫೈಲ್ ಮಾದರಿ ಅರ್ಥವಾಗದೆ ಬಿಲ್ಡ್ ನಿಲ್ಲುತ್ತದೆ. ಮ್ಯಾಕ್‌ನಲ್ಲಿ ಜಿ++ ಎಂದು ಕರೆದರೂ ಬರುವುದು ಆಪಲ್‌ನ ಕ್ಲ್ಯಾಂಗ್, ಆದ್ದರಿಂದ ಅಲ್ಲಿ ಎರಡನ್ನೂ ಹೋಲಿಸಿದೆವು ಎನ್ನುವ ಮೊದಲು ಆವೃತ್ತಿ ಕೇಳಿ ನೋಡಬೇಕು.

ಅಳೆಯುವುದು

ಸಹಿ ಒಂದೇ ಇರುವ ಎರಡು ಬಿಲ್ಡ್‌ಗಳನ್ನು ಪರಸ್ಪರ ಆಡಿಸಿ ಯಾವುದು ಬಲಶಾಲಿ ಎಂದು ನೋಡುವುದು ಬಹುಪಾಲು ವ್ಯರ್ಥ ಶ್ರಮ. ಲೆಕ್ಕ ಹೀಗಿದೆ. ಹೆಚ್ಚುಕಡಿಮೆ ಸಮಬಲದ ಎಂಜಿನ್‌ಗಳ ನಡುವೆ 60% ಪಂದ್ಯಗಳು ಡ್ರಾ ಆಗುತ್ತವೆ ಎಂದಿಟ್ಟುಕೊಂಡರೆ ಒಂದು ಪಂದ್ಯದ ಅಂಕದ ಚದುರುವಿಕೆ ಸುಮಾರು 0.32. ಇದರಿಂದ 1,000 ಪಂದ್ಯ ಆಡಿಸಿದರೆ ಫಲಿತಾಂಶದಲ್ಲಿ ±14 ಎಲೋ (ಆಟದ ಬಲ ಅಳೆಯುವ ರೇಟಿಂಗ್ ಅಂಕ) ಅನಿಶ್ಚಿತತೆ ಇರುತ್ತದೆ, 10,000 ಆಡಿಸಿದರೆ ±4. ಕಂಪೈಲರ್‌ನಿಂದ ಬರುವ ಅಂತರವೇ ಹಲವು ಬಾರಿ ಇದರೊಳಗೆ ಮುಳುಗಿಹೋಗುತ್ತದೆ. ನೂರು ಪಂದ್ಯ ಆಡಿಸಿ ಕ್ಲ್ಯಾಂಗ್ ಬಿಲ್ಡ್ 20 ಎಲೋ ಮೇಲು ಎಂದು ಘೋಷಿಸುವವರು ಅಳೆದದ್ದು ಅದೃಷ್ಟವನ್ನು.

ವೇಗವನ್ನು ಮಾತ್ರ ಅಳೆದರೆ ಅದೇ ಯಂತ್ರದಲ್ಲಿ ಅರ್ಧ ಗಂಟೆಯೊಳಗೆ ಖಚಿತ ಉತ್ತರ ಸಿಗುತ್ತದೆ. 13ರ ಆಳದ ಬೆಂಚ್ ಬೇಗ ಮುಗಿದುಬಿಡುತ್ತದೆ, ಆದ್ದರಿಂದ ಆಳ ಹೆಚ್ಚಿಸಿ ಒಂದು ಓಟಕ್ಕೆ 15ರಿಂದ 30 ಸೆಕೆಂಡ್ ಆಗುವಂತೆ ಇಟ್ಟುಕೊಳ್ಳಿ. ಪ್ರೊಸೆಸರ್‌ನ ವೇಗ ನಿರ್ಧರಿಸುವ ಗವರ್ನರ್ ಸೆಟ್ಟಿಂಗನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿ. ಬ್ರೌಸರ್ ಮುಚ್ಚಿ. ಟಾಸ್ಕ್‌ಸೆಟ್ ಬಳಸಿ ಎಂಜಿನನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ. ಅತಿ ಮುಖ್ಯವಾದದ್ದು ಕ್ರಮ: ಮೊದಲ ಬಿಲ್ಡನ್ನು 20 ಬಾರಿ ಓಡಿಸಿ, ಆಮೇಲೆ ಎರಡನೆಯದನ್ನು 20 ಬಾರಿ ಓಡಿಸಬೇಡಿ. ಅಷ್ಟರಲ್ಲಿ ಚಿಪ್ ಬಿಸಿಯಾಗಿ ಬೂಸ್ಟ್ ವೇಗ ಇಳಿದಿರುತ್ತದೆ, ಎರಡನೆಯದರ ಮೇಲೆ ಅನ್ಯಾಯವಾಗುತ್ತದೆ. ಒಂದರ ನಂತರ ಇನ್ನೊಂದು, ಮತ್ತೆ ಮೊದಲನೆಯದು, ಹೀಗೆ ಸರತಿಯಲ್ಲಿ 20 ಜೋಡಿ. ಪ್ರತಿ ಓಟದ ಏರಿಳಿತ 1% ಇದ್ದರೆ 20 ಜೋಡಿಗಳಿಂದ ಅಂತರ ±0.6% ನಿಖರತೆಯಲ್ಲಿ ತಿಳಿಯುತ್ತದೆ. ಇಷ್ಟೇ ನಿಖರತೆಯನ್ನು ಪಂದ್ಯ ಆಡಿಸಿ ಪಡೆಯಲು ಮೇಲಿನ ಲೆಕ್ಕ ಮತ್ತು ಮುಂದೆ ಬರುವ ವೇಗ-ಎಲೋ ಅಂದಾಜಿನಂತೆ ಸುಮಾರು 7 ಲಕ್ಷ ಪಂದ್ಯಗಳು ಬೇಕು.

ಒಂದು ಶೇಕಡಾಕ್ಕಿಂತ ಕಡಿಮೆ ಅಂತರಕ್ಕೆ ಅರ್ಥ ಕಟ್ಟಲು ಹೋಗಬೇಡಿ. ಲೂಪ್‌ನ ಆರಂಭ ಮೆಮೊರಿಯಲ್ಲಿ ಯಾವ ವಿಳಾಸಕ್ಕೆ ಬಿತ್ತು ಎಂಬ ಆಕಸ್ಮಿಕವೂ ಅಷ್ಟು ಏರುಪೇರು ಮಾಡಬಲ್ಲದು, ಸಂಬಂಧವಿಲ್ಲದ ಒಂದು ಸಾಲು ಬದಲಾದರೆ ಅದು ಮಾಯವಾಗುತ್ತದೆ.

ಬೆಂಚ್‌ನ ಮಿತಿಯನ್ನೂ ಹೇಳಬೇಕು. ಅದು 1 ಥ್ರೆಡ್, 16 ಎಂಬಿ ಹ್ಯಾಶ್. ಆಟದಲ್ಲಿ 12 ಥ್ರೆಡ್, ಹಲವು ಜಿಬಿ ಹ್ಯಾಶ್ ಇರಬಹುದು. 3600ರಲ್ಲಿ ಎಲ್3 ಕ್ಯಾಶೆ 32 ಎಂಬಿ, ಅದೂ 16ರಂತೆ ಎರಡು ಪಾಲು. ಇತ್ತೀಚಿನ ಸ್ಟಾಕ್‌ಫಿಶ್ ನೆಟ್‌ವರ್ಕ್‌ಗಳು ಹತ್ತಾರು ಎಂಬಿ ಇರುವುದರಿಂದ ಎಲ್ಲ ಥ್ರೆಡ್‌ಗಳೂ ಮೆಮೊರಿಗಾಗಿ ಕಾಯತೊಡಗುತ್ತವೆ, ಕಾಯುವ ಹೊತ್ತಿನಲ್ಲಿ ಕಂಪೈಲರ್‌ನ ಜಾಣತನ ಕೆಲಸಕ್ಕೆ ಬಾರದು. ಒಂದು ಥ್ರೆಡ್‌ನಲ್ಲಿ ಕಂಡ ಲಾಭ ಪೂರ್ತಿ ಭಾರದಲ್ಲಿ ಕುಗ್ಗಬಹುದು. ಸ್ಟಾಕ್‌ಫಿಶ್ 17.1ರಿಂದ ಸ್ಪೀಡ್‌ಟೆಸ್ಟ್ ಎಂಬ ಆಜ್ಞೆ ಇರುವುದು ಇದನ್ನು ಆಟಕ್ಕೆ ಹತ್ತಿರದ ಸ್ಥಿತಿಯಲ್ಲಿ ಅಳೆಯಲು. ಸಹಿಗೆ ಬೆಂಚ್, ಕೊನೆಯ ತೀರ್ಮಾನಕ್ಕೆ ಸ್ಪೀಡ್‌ಟೆಸ್ಟ್ ಎಂದು ಹಂಚಿಕೊಳ್ಳುವುದು ಸರಿ. ಇನ್ನು, ಸೆಕೆಂಡಿಗೆ ಎಷ್ಟು ನೋಡ್ ಎಂಬುದನ್ನು ಒಂದೇ ಸೋರ್ಸ್ ಕೋಡ್‌ನ ಬಿಲ್ಡ್‌ಗಳ ನಡುವೆ ಮಾತ್ರ ಹೋಲಿಸಬೇಕು. ಹೊಸ ಆವೃತ್ತಿಯ ನೆಟ್‌ವರ್ಕ್ ದೊಡ್ಡದಾದರೆ ನೋಡ್ ಕಡಿಮೆಯಾಗಿ ಆಟ ಬಲವಾಗಿರುತ್ತದೆ.

ಶೇಕಡಾ ವೇಗದಿಂದ ಎಲೋಗೆ

ಇಂದಿನ ಎಂಜಿನ್‌ಗಳ ಹುಡುಕಾಟ ಮರದ ಪರಿಣಾಮಕಾರಿ ಕವಲು ಸಂಖ್ಯೆ (ಒಂದು ಮಟ್ಟ ಆಳಕ್ಕೆ ಹೋದರೆ ಕೆಲಸ ಎಷ್ಟು ಪಟ್ಟಾಗುತ್ತದೆ ಎಂಬುದು) 2ಕ್ಕಿಂತ ಕಡಿಮೆ. ಹಾಗಾಗಿ ವೇಗ ಇಮ್ಮಡಿಯಾದರೆ ಸುಮಾರು ಒಂದು ಅರೆನಡೆಯಷ್ಟು (ಒಂದು ಬದಿಯ ಒಂದು ನಡೆ) ಹೆಚ್ಚು ಆಳ ಸಿಗುತ್ತದೆ. ಚಿಕ್ಕ ಸಮಯದ ಆಟಗಳಲ್ಲಿ ಇಮ್ಮಡಿ ವೇಗಕ್ಕೆ 50ರಿಂದ 70 ಎಲೋ ಎಂಬುದು ರೂಢಿಯ ಅಂದಾಜು. 60 ಎಂದು ಹಿಡಿದು, ವೇಗದ ಅನುಪಾತದ 2ರ ಆಧಾರದ ಲಾಗರಿದಮ್‌ನಿಂದ ಗುಣಿಸಿದರೆ 5% ವೇಗಕ್ಕೆ 4 ಎಲೋ, 10%ಗೆ 8, 20%ಗೆ 16, 40%ಗೆ 29 ಬರುತ್ತದೆ. 4 ಎಲೋ ಎಂದರೆ 100 ಪಂದ್ಯಗಳಲ್ಲಿ 50.6 ಅಂಕ, 16 ಎಲೋ ಎಂದರೆ 52.3.

ಸಮಯ ಹೆಚ್ಚಿದಷ್ಟೂ ಈ ಲಾಭ ತೆಳುವಾಗುತ್ತದೆ. ಆಳ ಈಗಾಗಲೇ ಸಾಕಷ್ಟಿದ್ದರೆ ಇನ್ನೊಂದು ಅರೆನಡೆ ಹೊಸ ಸಂಗತಿ ತೋರಿಸುವುದು ಕಡಿಮೆ, ಡ್ರಾಗಳೂ ಹೆಚ್ಚು. ಗಂಟೆಗಟ್ಟಲೆ ಒಂದು ಸ್ಥಿತಿಯನ್ನು ವಿಶ್ಲೇಷಿಸುವವರಿಗೆ 5% ವೇಗ ಎಂದರೆ 60 ನಿಮಿಷದ ಉತ್ತರ 57 ನಿಮಿಷದಲ್ಲಿ ಸಿಗುವುದು, ಅಷ್ಟೇ. ಕಂಪೈಲರ್ ಆಯ್ಕೆ ಬಲವನ್ನು ನಿಜವಾಗಿ ಅಲುಗಿಸುವುದು ಎಂಜಿನ್‌ಗಳ ನಡುವಿನ ಬ್ಲಿಟ್ಜ್ ಟೂರ್ನಿಗಳಲ್ಲಿ ಮತ್ತು ಪರೀಕ್ಷಾ ವ್ಯವಸ್ಥೆಗಳಲ್ಲಿ. ಒಂದು ಎಂಜಿನನ್ನು ಪ್ರೊಫೈಲ್ ಸಮೇತ, ಇನ್ನೊಂದನ್ನು ಸಾದಾ ಕಟ್ಟಿ ಆಡಿಸಿದರೆ ಅಳತೆಯಲ್ಲಿ ಹಲವು ಎಲೋ ಓರೆ ಸೇರಿಕೊಳ್ಳುತ್ತದೆ. ಸ್ಟಾಕ್‌ಫಿಶ್‌ನ ಪರೀಕ್ಷಾ ಜಾಲವಾದ ಫಿಶ್‌ಟೆಸ್ಟ್ 2013ರಿಂದ ನಡೆಯುತ್ತಿದೆ. ಅದು ಎರಡೂ ಆವೃತ್ತಿಗಳನ್ನು ಅದೇ ಯಂತ್ರದಲ್ಲಿ, ಅದೇ ಕಂಪೈಲರ್‌ನಿಂದ ಕಟ್ಟಿಸಿ, ಯಂತ್ರದ ವೇಗ ಅಳೆದು ಆಟದ ಸಮಯವನ್ನು ಹಿಗ್ಗಿಸುವುದೋ ಕುಗ್ಗಿಸುವುದೋ ಮಾಡುತ್ತದೆ. ಮನೆಯಲ್ಲಿ ಎರಡು ಬೇರೆ ಎಂಜಿನ್‌ಗಳನ್ನು ಹೋಲಿಸುವವರೂ ಎರಡನ್ನೂ ಒಂದೇ ಮಟ್ಟದ ಬಿಲ್ಡ್‌ನಲ್ಲಿ ಇಡಬೇಕು.

ಸಹಿ ಹೊಂದದಿದ್ದಾಗ

ನಮ್ಮ ಪ್ರಕರಣದಲ್ಲಿ ಸಹಿ ಹೊಂದಿತ್ತು. ಹೊಂದದಿದ್ದರೆ ವೇಗದ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಕಂಪೈಲರ್‌ನದೇ ದೋಷ ಅಪರೂಪ, ಬಹುಪಾಲು ತಪ್ಪು ಎಂಜಿನ್‌ನ ಕೋಡ್‌ನಲ್ಲಿರುತ್ತದೆ. ಆರಂಭಿಕ ಬೆಲೆ ಕೊಡದ ವೇರಿಯಬಲ್, ಚಿಹ್ನೆಯಿರುವ ಪೂರ್ಣಾಂಕ ಉಕ್ಕಿ ಹರಿಯುವುದು, ಒಂದು ಬಗೆಯ ಪಾಯಿಂಟರನ್ನು ಇನ್ನೊಂದು ಬಗೆಯದಾಗಿ ಓದುವುದು, ಇವೆಲ್ಲ ಕಡಿಮೆ ಆಪ್ಟಿಮೈಸೇಷನ್‌ನಲ್ಲಿ ಮೌನವಾಗಿದ್ದು ಓ2, ಓ3ಗಳಲ್ಲಿ ಬಯಲಾಗುತ್ತವೆ. ಅಡ್ರೆಸ್ ಸ್ಯಾನಿಟೈಜರ್, ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್ ಎಂಬ ದೋಷ ಹಿಡಿಯುವ ಸಲಕರಣೆಗಳನ್ನು ಹಾಕಿ ಬೆಂಚ್ ಓಡಿಸಿದರೆ ಇವುಗಳಲ್ಲಿ ಹಲವು ಕೈಗೆ ಸಿಗುತ್ತವೆ.

ಸ್ವಂತ ಎಂಜಿನ್ ಬರೆಯುವವರನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆ. ನಡೆಗಳನ್ನು ಸ್ಟ್ಯಾಂಡರ್ಡ್ ಲೈಬ್ರರಿಯ ಸಾಮಾನ್ಯ ಸಾರ್ಟ್‌ನಿಂದ ಜೋಡಿಸಿದರೆ ಸಮ ಅಂಕದ ನಡೆಗಳ ಕ್ರಮ ಹೇಗಿರಬೇಕೆಂದು ಭಾಷೆಯ ನಿಯಮ ಹೇಳುವುದಿಲ್ಲ. ಜಿಸಿಸಿಯ ಲೈಬ್ರರಿ ಒಂದು ಕ್ರಮ ಕೊಟ್ಟರೆ ಕ್ಲ್ಯಾಂಗ್‌ನ ಲೈಬ್ರರಿ ಇನ್ನೊಂದು ಕೊಡಬಹುದು. ನಡೆಗಳ ಕ್ರಮ ಬದಲಾದರೆ ಆಲ್ಫಾ-ಬೀಟಾ ಹುಡುಕಾಟ ವಿಧಾನ ಕತ್ತರಿಸುವ ಕೊಂಬೆಗಳು ಬದಲಾಗುತ್ತವೆ, ನೋಡ್ ಸಂಖ್ಯೆ ಬದಲಾಗುತ್ತದೆ. ಇಂಥ ಎಂಜಿನ್‌ನಲ್ಲಿ ಕಂಪೈಲರ್ ಬದಲಿಸಿದರೆ ನಿಜಕ್ಕೂ ಬೇರೆ ಆಟಗಾರ ಸಿಗುತ್ತಾನೆ. ಸ್ಟಾಕ್‌ಫಿಶ್ ನಡೆಗಳಿಗೆ ತನ್ನದೇ ಇನ್‌ಸರ್ಷನ್ ಸಾರ್ಟ್ ಇಟ್ಟುಕೊಂಡಿರುವುದರಿಂದ ಈ ಅಪಾಯವಿಲ್ಲ. ಹ್ಯಾಶ್ ಕೀಲಿಗಳ ಯಾದೃಚ್ಛಿಕ ಸಂಖ್ಯೆಗಳಿಗೂ ಅದರದೇ ಜನರೇಟರ್ ಇದೆ, ಏಕೆಂದರೆ ಲೈಬ್ರರಿಯ ಹಂಚಿಕೆ ಫಂಕ್ಷನ್‌ಗಳು ಕೂಡ ಎಲ್ಲೆಡೆ ಒಂದೇ ಸರಣಿ ಕೊಡುವ ಭರವಸೆ ಇಲ್ಲ.

ದಶಮಾಂಶದ ಲೆಕ್ಕವೂ ಅಂಥದ್ದೇ. ಹುಡುಕಾಟದ ಆಳ ಎಷ್ಟು ಕಡಿತಗೊಳಿಸಬೇಕೆಂಬ ಕೋಷ್ಟಕವನ್ನು ಅನೇಕ ಎಂಜಿನ್‌ಗಳು ಲಾಗರಿದಮ್‌ನಿಂದ ತುಂಬಿ ಪೂರ್ಣಾಂಕಕ್ಕೆ ಇಳಿಸುತ್ತವೆ. ದಶಮಾಂಶ ಲೆಕ್ಕದ ನಿಯಮಗಳನ್ನು ಸಡಿಲಿಸುವ ಫಾಸ್ಟ್-ಮ್ಯಾತ್ ಫ್ಲ್ಯಾಗ್ ಹಾಕಿದಾಗ, ಗುಣಾಕಾರ ಕೂಡಿಕೆ ಒಂದೇ ಸೂಚನೆಯಾಗಿ ಬೆಸೆದಾಗ ಅಥವಾ ಹಳೆಯ 32 ಬಿಟ್ ಬಿಲ್ಡ್‌ನ 80 ಬಿಟ್ ರಿಜಿಸ್ಟರ್‌ಗಳಲ್ಲಿ ಲೆಕ್ಕ ನಡೆದಾಗ 2.9999 ಆಗಬೇಕಿದ್ದದ್ದು 3.0 ಆಗಿ, ಒಂದು ನಮೂದು 1ರಷ್ಟು ಬದಲಾದರೆ ಸಾಕು, ಸಹಿ ಬೇರೆಯಾಗುತ್ತದೆ. ಫಾಸ್ಟ್-ಮ್ಯಾತ್‌ನಿಂದ ಚೆಸ್ ಎಂಜಿನ್‌ಗೆ ಸಿಗುವ ವೇಗ ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಮುಟ್ಟದಿರುವುದು ಲೇಸು.

ಈ ಯಂತ್ರಕ್ಕೆ ಕೊನೆಗೆ ಉಳಿದ ಬಿಲ್ಡ್: ಎಕ್ಸ್86-64-ಎವಿಎಕ್ಸ್2 ಗುರಿ, ಪ್ರೊಫೈಲ್-ಬಿಲ್ಡ್, ಕಂಪೈಲರ್ ಜಿಸಿಸಿ. ಕ್ಲ್ಯಾಂಗ್ ಬಿಲ್ಡನ್ನು ಪಕ್ಕದ ಫೋಲ್ಡರ್‌ನಲ್ಲಿ ಕಟ್ಟಿ 20 ಜೋಡಿ ಓಟದಲ್ಲಿ ನೋಡಬೇಕು. ಅದು 1%ಗಿಂತ ಮುಂದಿದ್ದರೆ ಅದನ್ನೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಜಿಸಿಸಿಯದೇ ಸಾಕು. ಸ್ಟಾಕ್‌ಫಿಶ್ ಸೋರ್ಸ್ ಅಥವಾ ಕಂಪೈಲರ್‌ನ ಮುಖ್ಯ ಆವೃತ್ತಿ ಬದಲಾದಾಗ ಈ ಹೋಲಿಕೆ ಮತ್ತೆ ಮಾಡಬೇಕಾಗುತ್ತದೆ. ಅದೇ ಎಎಮ್4 ಮದರ್‌ಬೋರ್ಡ್‌ಗೆ ಬಯಾಸ್ ಅಪ್‌ಡೇಟ್ ಮಾಡಿ ಝೆನ್ 3 ವಿನ್ಯಾಸದ ರೈಜನ್ 5 5600 ಕೂರಿಸಿದರೆ ಪ್ರೊಸೆಸರ್ ಕುಟುಂಬ 25 ಆಗುತ್ತದೆ. ಅಂದಿನಿಂದ ಬಿಎಮ್‌ಐ2 ಗುರಿಯನ್ನೇ ಆರಿಸಬೇಕು. ಹಳೆಯ ಎವಿಎಕ್ಸ್2 ಬಿಲ್ಡ್ ಅಲ್ಲಿಯೂ ಯಾವ ದೂರೂ ಹೇಳದೆ ಓಡುವುದರಿಂದ, ಪ್ರೊಸೆಸರ್ ಬದಲಿಸಿದ ದಿನವೇ ಎಂಜಿನನ್ನು ಮತ್ತೆ ಕಟ್ಟುವುದು ಒಳಿತು.